ವಾಲಿದ ರೇಖೆ, ಮುಳುಗುವ ಹೊತ್ತು

ಕಳೆದ ಭಾನುವಾರ ಸಂಜೆ ಮೂಡುಬಿದಿರೆಯ ನಮ್ಮ ಮನೆಯ ಜಗುಲಿಯಲ್ಲಿ ಇಬ್ಬರು ಸೂರ್ಯನನ್ನೇ ನೋಡುತ್ತ ಕುಳಿತಿದ್ದೆವು. ನನಗೆ ಅವನು ಇನ್ನಷ್ಟು ಹೊತ್ತು ಇರಬೇಕಾಗಿತ್ತು. ಸಫಿಯಾಳಿಗೆ ಅವನು ಬೇಗ ಹೋಗಬೇಕಾಗಿತ್ತು.

ಕಾರಣ ಸರಳ. ಜೈನನಾದ ನಾನು ಸೂರ್ಯಾಸ್ತದ ನಂತರ ಉಣ್ಣುವವನಲ್ಲ. ಅವಳಿಗೆ ರಮ್ಜಾನಿನ ಉಪವಾಸ. ಸೂರ್ಯಾಸ್ತಕ್ಕೆ ಮುನ್ನ ನೀರೂ ಇಲ್ಲ.

ಸಫಿಯಾ ಮೆಲ್ಕಾರಿನವಳು. ತೊಂಬತ್ತರ ದಶಕದಲ್ಲಿ ನಮ್ಮ ನೆರೆಯಲ್ಲಿದ್ದ ತನ್ನ ಚಿಕ್ಕಪ್ಪನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಳು, ಸಂಜೆ ನನ್ನಲ್ಲಿ ಗಣಿತ ಕಲಿಯಲು ಬರುತ್ತಿದ್ದಳು. ಈಗ, ಐವತ್ತರ ಹತ್ತಿರ, ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ವಿಷಯ, ಕ್ಯಾಪಿಲರಿ ಇಲೆಕ್ಟ್ರೊಫೊರೆಸಿಸ್. (ಹೆದರಬೇಡಿ, ನಾನೂ ಹೆದರಿದ್ದೆ.) ಕೂದಲೆಳೆಯಂಥ ಗಾಜಿನ ನಳಿಗೆಯಲ್ಲಿ ದ್ರಾವಣ ತುಂಬಿ, ಒಂದು ತುದಿಯಲ್ಲಿ ಹನಿಗಿಂತಲೂ ಎಷ್ಟೋ ಕಡಿಮೆ ಸ್ಯಾಂಪಲ್ ಬಿಟ್ಟು, ವಿದ್ಯುತ್ ಹಾಯಿಸುತ್ತಾರೆ. ಸ್ಯಾಂಪಲ್ಲಿನ ಒಂದೊಂದು ವಸ್ತುವೂ ತನ್ನದೇ ವೇಗದಲ್ಲಿ ಸಾಗಿ, ಪ್ರತ್ಯೇಕ ಪಟ್ಟಿಯಾಗಿ ಇನ್ನೊಂದು ತುದಿ ಮುಟ್ಟುತ್ತದೆ. ಆ ಪಟ್ಟಿ ಎಷ್ಟು ಹರಡೀತು, ಯಾವ ಆಕಾರ ತಾಳೀತು? ಅದನ್ನು ಸಮೀಕರಣಗಳಿಂದ ಮೊದಲೇ ಹೇಳುವುದು ಅವಳ ಕೆಲಸ.

ವಿಚಿತ್ರವೆಂದರೆ, ಇದನ್ನೆಲ್ಲ ಮಾಡುವ ಯಂತ್ರವನ್ನು ಅವಳು ನೋಡಿಯೇ ಇರಲಿಲ್ಲ. ಮುಚ್ಚಿದ ಗರ್ಭಗುಡಿಯ ಮುಂದೆ ನಿಂತವರ ಹಂಬಲ ನನಗೆ ಗೊತ್ತು. ಅಂಥದೇ ಹಂಬಲದಲ್ಲಿ ವರ್ಷಗಟ್ಟಲೆ ಲೆಕ್ಕ ಮಾಡಿದಳು. ಕಡೆಗೆ ದೂರದ ನಗರವೊಂದರಲ್ಲಿ ಯಂತ್ರ ಸಿಕ್ಕಿತು. ಅಲ್ಲಿಂದ ತಂದ ಗ್ರಾಫನ್ನು ನನ್ನ ಮುಂದೆ ಹರಡಿದಳು.

ಅವಳ ಲೆಕ್ಕದ ರೇಖೆ ಗಂಟೆಯಂತೆ, ಎರಡೂ ಬದಿ ಸಮ. ಯಂತ್ರ ಬರೆದ ರೇಖೆ ಒಂದು ಬದಿಗೆ ವಾಲಿತ್ತು. ಒಂದೆಡೆ ನೀಳ ಇಳಿಜಾರು, ಇನ್ನೊಂದೆಡೆ ಗೋಡೆ.

"ತಾಳೆಯಾಗದಿದ್ರೆ ಥೀಸಿಸ್ ಕೊಡುವುದೇ ಬೇಡ ಅಂತ ಗೈಡ್ ಹೇಳಿದ್ದಾರೆ ಸಾರ್. ಇಷ್ಟು ವರ್ಷ ನೋಡ್ಬೇಕು, ನೋಡ್ಬೇಕು ಅಂತ ಇದ್ದೆ. ನೋಡಿದ್ರೆ ಹೀಗುಂಟು!"

ನಾನು ಸಮೀಕರಣದ ಮೇಲೆ ಬೆರಳಿಟ್ಟೆ. "ನಳಿಗೆಯ ಉದ್ದಕ್ಕೂ ವಿದ್ಯುತ್ತಿನ ಬಲ ಒಂದೇ ಸಮ ಅಂತ ಹಿಡಿದಿದ್ದೀ. ಯಾಕೆ?"

"ಸ್ಯಾಂಪಲ್ ಅಷ್ಟು ಚಿಕ್ಕದಲ್ವಾ? ಅದರಿಂದ ಎಂಥ ಆಗ್ತದೆ ಅಂತ ಬಿಟ್ಟೆ. ಲೆಕ್ಕ ಸುಲಭ ಆಗ್ತದೆ." ಹೇಳುತ್ತಲೇ ತಡೆದಳು. "ಆದ್ರೆ ಅಲ್ಲಿ ಹಾಕಿದ್ದು ಸ್ವಲ್ಪ ಗಟ್ಟಿ ಸ್ಯಾಂಪಲ್ಲೇ. ಹಾಗಾದ್ರೆ ಅದು ಇದ್ದಲ್ಲಿ ಬಲ ಬದಲಾಗ್ತದೆ..."

ಹೌದು. ಸ್ಯಾಂಪಲ್ ತಾನು ಸಾಗುವ ದಾರಿಯನ್ನೇ ಬದಲಿಸುತ್ತದೆ. ಅದರ ಇರವನ್ನು ಲೆಕ್ಕಕ್ಕೆ ಮರಳಿ ಸೇರಿಸಿದರೆ ರೇಖೆ ತಾನಾಗಿ ವಾಲುತ್ತದೆ. ಅವಳು ಪೆನ್ನು ಹಿಡಿದಳು, ನಾನು ತಟ್ಟೆ ತಂದು ಅಲ್ಲೇ ಊಟಕ್ಕೆ ಕುಳಿತೆ.

"ಅಮ್ಮ ಇರಬೇಕಿತ್ತು," ಎಂದೆ, ತೀರಿಕೊಂಡ ನನ್ನ ಪತ್ನಿಯನ್ನು ನೆನೆದು. "ಆಗೆಲ್ಲ ನೀನು ಉಪವಾಸ ಬಿಡುವ ತನಕ ಎಷ್ಟು ಶಾಂತವಾಗಿ ಪಕ್ಕದಲ್ಲಿ ಕೂರುತ್ತಿದ್ದಳು!"

ಸಫಿಯಾ ನಕ್ಕುಬಿಟ್ಟಳು. "ಶಾಂತವಾ? ಯಾರು, ಅಮ್ಮನಾ? 'ಇವರಿಗೆ ಹೊತ್ತು ಮುಳುಗಿದ್ರೆ ಆಗ್ಲಿಕ್ಕಿಲ್ಲ, ನಿಂಗೆ ಮುಳುಗದೆ ಆಗ್ಲಿಕ್ಕಿಲ್ಲ, ನಾನೆಂಥ ಎರಡೆರಡು ಸಲ ಒಲೆ ಉರಿಸ್ಬೇಕಾ ಮಾರಾಯ್ತಿ?' ಅಂತ ಪಾತ್ರೆ ಕುಕ್ಕುತ್ತಿದ್ರು. ನೀವು ಬಸದಿಯಿಂದ ಬರುವಾಗ ತಡ ಆದ್ರೆ ಮುಗೀತು. ನಿಮಗೂ ಬೈಗುಳ, ಸೂರ್ಯನಿಗೂ! ಮತ್ತೆ ಬೈದುಕೊಂಡೇ ನಂಗೆ ಬಿಸಿ ಗಂಜಿ."

ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಪತ್ನಿ ತೀರಿಹೋದ ಮೇಲೆ ನನ್ನ ಮನಸ್ಸು ಅವಳನ್ನು ಎರಡೂ ಬದಿ ಸಮ ಮಾಡಿಟ್ಟುಕೊಂಡಿತ್ತೇ? ನಿತ್ಯ ಜಪದ ಕೊನೆಗೆ ನಾನು ನೆನೆಯುತ್ತಿದ್ದ ಆ ಮೃದುಭಾಷಿಣಿ ಯಾರು? ಅವಳಿದ್ದಾಗ ಈ ಮನೆಯ ಗಾಳಿ, ಬೆಳಕು, ಹಸಿವು ಎಲ್ಲವೂ ಅವಳತ್ತ ವಾಲುತ್ತಿದ್ದವು. ಈಗ ಎಲ್ಲ ಒಂದೇ ಸಮ. ನನ್ನ ಊಟ ದಿನವೂ ಸಕಾಲಕ್ಕೆ ಮುಗಿಯುತ್ತದೆ, ಯಾರೂ ಕೂಗುವುದಿಲ್ಲ.

ಹೊತ್ತು ಮುಳುಗಿತು. ಸಫಿಯಾ ಖರ್ಜೂರ ಬಾಯಿಗಿಟ್ಟು ಮತ್ತೆ ಲೆಕ್ಕಕ್ಕೆ ಬಾಗಿದಳು. ನಾನು ಖಾಲಿ ಕೈಯಲ್ಲಿ ಪಕ್ಕದಲ್ಲಿ ಕುಳಿತೆ.

ಅವಳ ರೇಖೆ ಇನ್ನು ಸರಿಯಾಗಿ ವಾಲೀತು. ಆ ಬೈಗುಳವನ್ನು ಇನ್ನೊಮ್ಮೆ ಕೇಳಬೇಕಾದರೆ ನಾನು ಊಟಕ್ಕೆ ಎಷ್ಟು ತಡವಾಗಿ ಬರಬೇಕು?