ಭಾಲ್ಕಿಯಲ್ಲಿ ಹಡಗು ಕಟ್ಟಿದ್ದು

ಅಡಿಗೆಮನೆಯಿಂದ ಸಾಗವಾನಿಯ ವಾಸನೆ ಬರುತ್ತಿದೆ. ಗಾಬರಿಯಾಗಬೇಡಿ, ಕುಕ್ಕರಿನಲ್ಲಿ ಹಡಗು ಬೇಯುತ್ತಿದೆ. ತೆಳ್ಳನೆಯ ಕಟ್ಟಿಗೆ ಪಟ್ಟಿ ಬಿಸಿನೀರು ಕುಡಿದರೇನೇ ಹಡಗಿನ ಹೊಟ್ಟೆಗೆ ಬೇಕಾದಂತೆ ಬಾಗುವುದು. ಒಣಪಟ್ಟಿ ಬಾಗಿಸಹೋದರೆ ಫಟ್ಟಂತ ಮುರಿಯುತ್ತದೆ. ಈ ವಾಸನೆ ಬಂತೆಂದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಸಮುದ್ರವೇ ಇಲ್ಲದ ನಮ್ಮ ಭಾಲ್ಕಿಯಲ್ಲಿ ಪುಟ್ಟ ಹಡಗು ಕಟ್ಟುವ ಹೆಂಗಸು ನಾನೊಬ್ಬಳೇ ಇರಬೇಕು. ಅಂಗಡಿ ಡಬ್ಬಿಯ ತುಂಡು ಜೋಡಿಸುವ ಆಟವಲ್ಲ ಮತ್ತೆ! ಔರಾದಿನ ಬಡಿಗೇರರಲ್ಲಿ ಕಟ್ಟಿಗೆ ಸೀಳಿಸಿ ತರುವುದರಿಂದಲೇ ಶುರು. ಬೀದರಿನಿಂದ ತಂದ, ಕಟ್ಟಿಗೆ ಉಜ್ಜುವ ಸಣ್ಣ ಸಣ್ಣ ಕಾನಸು, ಕೈಯಿಂದ ತಿರುಗಿಸುವ ಡ್ರಿಲ್ಲು, ಬ್ಲೇಡು, ಹುಬ್ಬು ಕೀಳುವ ಚಿಮಟಿಗೆ. ಅಂಟು ಒಣಗುವ ತನಕ ಪಟ್ಟಿ ಕಚ್ಚಿ ಹಿಡಿಯಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ಬೇಕು. ಹೀಗಾಗಿ ನಮ್ಮವರ ಬನಿಯನ್ನುಗಳೆಲ್ಲ ಗಾಳಿಗೆ ಪಕ್ಕದ ಮನೆಯ ಶಬಾನಾ ಆಪಾರ ಅಂಗಳಕ್ಕೆ ಹಾರುತ್ತಿದ್ದವು. "ನಿಮ್ಮ ಜಹಾಜ್ ಯಾವಾಗ ಹೊಂಟದ್ರಿ?" ಅನ್ನುತ್ತ ಅವರು ತಂದುಕೊಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಕಟ್ಟಿದ ಮೊದಲ ಹಡಗಿನ ಕಥೆ ಕೇಳಿದರೆ ನೀವೂ ನಗುತ್ತೀರಿ. ಕ್ಯಾಲೆಂಡರಿನ ಚಿತ್ರ ನೋಡಿ ಕಟ್ಟಿದ್ದೆ. ಚಿತ್ರದಲ್ಲಿ ನೀರು ಎಲ್ಲಿತ್ತೋ ಅಲ್ಲಿಗೇ ನನ್ನ ಹಡಗೂ ಮುಗಿದಿತ್ತು! ನೀರೊಳಗೆ ಇನ್ನೊಂದಿಷ್ಟು ಹಡಗು ಇರುತ್ತದೆಂದು ಎರೆಮಣ್ಣಿನಲ್ಲಿ ಬೆಳೆದವಳಿಗೆ ಯಾರು ಹೇಳಬೇಕು? ಬಟ್ಟೆ ನೆನೆಸುವ ಟಬ್ಬಿನಲ್ಲಿ ಬಿಟ್ಟದ್ದೇ ತಡ, ಮಗುಚಿಕೊಂಡಿತು. ಮಂಚದ ಮೇಲಿದ್ದ ನಮ್ಮ ಅತ್ತೆ ಬಿದ್ದು ಬಿದ್ದು ನಕ್ಕರು. "ತಳಾನೇ ಇಲ್ಲಲ್ಲ ಇದಕ್ಕ, ಯವ್ವಾ!"

ಆ ನಗು ಕೇಳಿ ಎಷ್ಟು ದಿನವಾಗಿತ್ತು! ಭಾತಂಬ್ರಾದಿಂದ ಈ ಮನೆಗೆ ಸೊಸೆಯಾಗಿ ಬಂದ ಅತ್ತೆ, ಹಳೆ ಬಟ್ಟೆಯ ಕೌದಿ ಹೊಲಿಯುವುದರಲ್ಲಿ ಓಣಿಗೆಲ್ಲ ಹೆಸರಾದವರು. ಲಕ್ವಾ ಹೊಡೆದು ಅವರ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಬೆರಳಿಗೆ ಕೆಲಸ ಕೊಟ್ಟರೆ ಕೈ ಬಂದೀತು, ಬಿಟ್ಟರೆ ಹೋದಂತೆಯೇ ಎಂದಿದ್ದರು ಡಾಕ್ಟರು. ಹಿಚುಕಲು ರಬ್ಬರ್ ಚೆಂಡು ಕೊಟ್ಟರೆ "ನಾ ಏನ್ ಕೂಸೇನು?" ಎಂದು ಎಡಗೈಯಲ್ಲಿ ಎತ್ತಿ ಒಗೆಯುತ್ತಿದ್ದರು. ಈ ಕೈ ಇನ್ನು ಸೂಜಿ ಹಿಡಿಯುವುದಿಲ್ಲವೇನೋ ಎಂದುಕೊಳ್ಳುತ್ತ ಚೆಂಡು ಹೆಕ್ಕಿ ತರುತ್ತಿದ್ದೆ.

ಎರಡನೆಯ ಹಡಗಿಗೆ ತಳ ಬಂತು, ಕಂಬ ನಿಂತಿತು. ಹಾಯಿಗೆ ಹಗ್ಗ ಬಿಗಿಯುವ ದಿನ ಅತ್ತೆಯ ಪಕ್ಕದಲ್ಲೇ ಕೂತೆ. ಚಿಮಟಿಗೆಯಲ್ಲಿ ದಾರ ಹಿಡಿದು ಗಂಟು ಹಾಕುತ್ತೇನೆ, ಬಿಚ್ಚುತ್ತದೆ. ಮತ್ತೆ ಹಾಕುತ್ತೇನೆ, ಮತ್ತೆ ಬಿಚ್ಚುತ್ತದೆ. ಅತ್ತೆ ನೋಡಿ ನೋಡಿ ಕುದಿಯತೊಡಗಿದರು.

"ಹಂಗಲ್ಲಾ... ಕೆಳಗಿಂದ ತಗೋ... ಅಯ್ಯ, ಮತ್ತ ಬಿಚ್ಚಿತು! ಬೆಂಕಿ ಹಚ್ಲಿ ನಿನ್ನ ಗಂಟಿಗಿ, ಕೊಡ ಇಲ್ಲಿ!"

ಚಿಮಟಿಗೆ ಕಸಿದುಕೊಂಡೇಬಿಟ್ಟರು. ಬಲಗೈಯಿಂದ! ಅವರಿಗೆ ಅದರ ಖಬರೇ ಇಲ್ಲ. ಬೆರಳು ನಡುಗುತ್ತಿವೆ, ದಾರ ಜಾರುತ್ತಿದೆ, ನನಗೆ ಬೈಗುಳ ಮಾತ್ರ ನಿಂತಿಲ್ಲ. ಕೊನೆಗೂ ಗಂಟು ಬಿತ್ತು.

"ಅತ್ತೀ, ಕೈ! ನಿಮ್ಮ ಕೈ ನೋಡ್ರಿ!" ಎಂದು ಕಿರುಚಿದೆ.

ನೋಡಿಕೊಂಡರು. ಅಳುತ್ತಾರೆ ಅಂದುಕೊಂಡೆ. "ಒದರಬ್ಯಾಡ, ಗಂಟು ಸಡ್ಲಾಗ್ತದ" ಅಂದರು. ಅತ್ತದ್ದು ನಾನು.

ಈಗ ಬೇಯುತ್ತಿರುವುದು ಅತ್ತೆಯ ಹಡಗು. ಸಲಕರಣೆಯೆಲ್ಲ ಅವರ ಮಂಚ ಸೇರಿದೆ, ಕೇಳದೆ ಮುಟ್ಟುವಂತಿಲ್ಲ. ಅಗೋ, ಕೂಗುತ್ತಿದ್ದಾರೆ: "ಏ, ಬರ್ದದ್ದು ಸಾಕು, ಪೆನ್ನು ಇಟ್ಟು ಬಂದು ಪಟ್ಟಿ ಹಿಡಿ! ಗಂಟಿಗಿ ಮಾತ್ರ ಕೈ ಹಚ್ಚಬ್ಯಾಡ!"

ಬಂದೆ ಅತ್ತೀ. ಇಷ್ಟು ಖುಷಿಯಿಂದ ಯಾವ ಸೊಸೆಯೂ ಬೈಸಿಕೊಂಡಿರಲಾರಳು.