ಕಂಪ್ಯೂಟರ್ ಪಾತ್ರದಲ್ಲಿ ಹೊಂಗನೂರು ಮುನಿಯಪ್ಪ

ಹೊಂಗನೂರಿನ ಮುನಿಯಪ್ಪನಿಗೆ ಎರಡು ಕೆಲಸ ಚೆನ್ನಾಗಿ ಬರುತ್ತಿದ್ದವು. ಒಂದು ರೇಷ್ಮೆಹುಳ ಸಾಕುವುದು, ಇನ್ನೊಂದು ರಂಗದ ಮೇಲೆ ಸಾಯುವುದು. ಸುತ್ತಮುತ್ತಲ ಊರುಗಳಲ್ಲಿ ಯಾರೇ ಪೌರಾಣಿಕ ನಾಟಕ ಆಡಿಸಲಿ, ಯುದ್ಧದಲ್ಲಿ ಬಾಣ ತಗುಲಿ ಬೀಳುವ ರಾಜನ ಪಾತ್ರ ಅವನಿಗೇ ಮೀಸಲು. ಬೇರೆ ನಟರು ಬಾಣ ತಗುಲಿದರೆ ಬಿದ್ದು ಸುಮ್ಮನಾಗುತ್ತಿದ್ದರು. ಮುನಿಯಪ್ಪನ ಪಾತ್ರ ಶುರುವಾಗುತ್ತಿದ್ದುದೇ ಬಿದ್ದ ಮೇಲೆ. ನರಳುತ್ತಿದ್ದ, ಕೆಮ್ಮುತ್ತಿದ್ದ, ನೀರು ಕೇಳುತ್ತಿದ್ದ, ಒಂದು ಪದ್ಯ ಹಾಡಿ ಮತ್ತೆ ನರಳುತ್ತಿದ್ದ. ಒಂದು ಸಲ ಹಾರ್ಮೋನಿಯಂ ಮೇಷ್ಟ್ರು, "ಮುನಿಯಪ್ಪ, ನೀನು ಸಾಯೋ ಹೊತ್ಗೆ ನಂಗೆ ಬಸ್ಸು ತಪ್ಪೋಯ್ತದೆ" ಎಂದು ಪೆಟ್ಟಿಗೆ ಮುಚ್ಚಿಕೊಂಡು ಎದ್ದೇ ಹೋಗಿದ್ದರು.

ಎರಡು ಸಾವಿರದ ಆರನೇ ಇಸವಿಯ ಮಾತು. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದವು. ಅಲ್ಲಿ ಕೆಲಸಕ್ಕೆ ಅರ್ಜಿ ಹಾಕುವವರಿಗೆಲ್ಲ ಒಂದು ಕಂಪ್ಯೂಟರ್ ಸರ್ಟಿಫಿಕೇಟು ಇದ್ದರೆ ಒಳ್ಳೆಯದು ಎಂಬ ಸುದ್ದಿ ಹಬ್ಬಿ, ಚನ್ನಪಟ್ಟಣದಲ್ಲಿ ಕಂಪ್ಯೂಟರ್ ಅಂಗಡಿಗಳು ಒಂದರ ಹಿಂದೊಂದು ಬಾಗಿಲು ತೆರೆದವು. ಪೇಟೆಯ ಒಂದೇ ರಸ್ತೆಯಲ್ಲಿ ಎದುರುಬದುರಾಗಿ ಎರಡು ಅಂಗಡಿ. ಒಂದು, ಮನೋಹರ್ ಎಂಬ ಹುರುಪಿನ ಮನುಷ್ಯನ 'ಹೊಂಬೆಳಕು ಕಂಪ್ಯೂಟರ್ಸ್'. ಅವನು ಮಾರುತ್ತಿದ್ದ ಕಂಪ್ಯೂಟರುಗಳಲ್ಲಿ ಪೆಂಗ್ವಿನ್ ಹಕ್ಕಿಯ ಚಿತ್ರವಿರುವ ಹೊಸ ಬಗೆಯ ಸಿಸ್ಟಮ್ ಇರುತ್ತಿತ್ತು. ಇನ್ನೊಂದು, ನಿಖಾತ್ ಎಂಬ ಹೆಣ್ಣುಮಗಳ 'ಗೊಂಬೆ ಕಂಪ್ಯೂಟರ್ ಸೆಂಟರ್'. ಅವಳ ತಂದೆ ಮರದ ಗೊಂಬೆ ಮಾರುತ್ತಿದ್ದ ಮಳಿಗೆಯಲ್ಲೇ ಅರ್ಧ ಜಾಗ ಬಿಡಿಸಿಕೊಂಡು ಇಟ್ಟದ್ದರಿಂದ ಆ ಹೆಸರು. ಅವಳಲ್ಲಿ ಎಲ್ಲ ಕಡೆ ಇರುವಂಥದೇ ಕಂಪ್ಯೂಟರ್.

ಮನೋಹರನಿಗೆ ಒಂದೇ ಯೋಚನೆ: ಹಕ್ಕಿ ಚಿತ್ರದ ಕಂಪ್ಯೂಟರಿಗೆ ವೈರಸ್ ಕಾಟ ಕಮ್ಮಿ ಎಂಬುದನ್ನು ಜನಕ್ಕೆ ಹೇಗೆ ತಿಳಿಸುವುದು? ಆಗ ಅವನಿಗೆ ಇಂಟರ್ನೆಟ್ಟಿನಲ್ಲಿ ಹೊರದೇಶದ ಒಂದು ಜಾಹೀರಾತು ಕಂಡಿತು. ಇಬ್ಬರು ಮನುಷ್ಯರು ಎರಡು ಜಾತಿಯ ಕಂಪ್ಯೂಟರುಗಳ ಪಾತ್ರ ಹಾಕಿ ಮಾತಾಡಿಕೊಳ್ಳುತ್ತಾರೆ. ಇದನ್ನೇ ನಮ್ಮೂರಿನ ಕೇಬಲ್ ಟೀವಿಯಲ್ಲಿ ನಮ್ಮ ರೀತಿಯಲ್ಲಿ ಮಾಡಿದರೆ? ಗಟ್ಟಿಮುಟ್ಟಾದ ಕಂಪ್ಯೂಟರ್ ತಾನೇ ಆಗಬಹುದು. ಕಾಯಿಲೆ ಬಿದ್ದ ಕಂಪ್ಯೂಟರಿಗೆ ಯಾರು? ಹಿಂದಿನ ವರ್ಷ ನೋಡಿದ ನಾಟಕ ಅವನ ನೆನಪಿಗೆ ಬಂತು. ಸೀದಾ ಹೊಂಗನೂರಿಗೆ ಬೈಕು ಬಿಟ್ಟ.

"ಏನ್ ಪಾರ್ಟು?" ಎಂದ ಮುನಿಯಪ್ಪ, ಹುಳುಗಳಿಗೆ ಸೊಪ್ಪು ಹಾಕುತ್ತಲೇ.

"ಕಂಪ್ಯೂಟರ್ ಪಾರ್ಟು, ಮುನಿಯಪ್ಪಣ್ಣ. ಅದಕ್ಕೆ ವೈರಸ್ ಬಂದಿರುತ್ತೆ."

"ಸಾಯ್ತದಾ?"

"ಸಾಯೋದಿಲ್ಲ. ಸುಮ್ನೆ ಎರಡು ಸಲ ಕೆಮ್ಮಬೇಕು, ಅಷ್ಟೇ."

"ಎರಡೇ ಸಲ ಕೆಮ್ಮಕ್ಕೆ ನಾನ್ಯಾಕಪ್ಪ? ನಮ್ಮೂರಲ್ಲಿ ಯಾರು ಬೇಕಾದ್ರೂ ಕೆಮ್ತಾರೆ" ಎಂದು ಮುನಿಯಪ್ಪ ಬೇಸರಪಟ್ಟುಕೊಂಡ. ಆದರೂ ಟೀವಿ ಎಂದಮೇಲೆ ಬಿಡುವುದುಂಟೆ? ಮರುದಿನವೇ ಬಸ್ಸು ಹತ್ತಿದ.

ಮನೋಹರ್ ಬಿಳಿ ಅಂಗಿಯ ಎದೆಗೆ ಹಕ್ಕಿಯ ಚಿತ್ರ ಅಂಟಿಸಿಕೊಂಡು ನಿಂತ. ಮುನಿಯಪ್ಪನ ಕತ್ತಿಗೆ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮಾಡಿದ ಟೀವಿಯಂಥ ಚೌಕಟ್ಟು ಹಾಕಿದರು. ಬೇಕಿದ್ದುದು ಅರ್ಧ ನಿಮಿಷ. ಮದುವೆಗಳಿಗೆ ವಿಡಿಯೋ ತೆಗೆಯುವವನು ಕ್ಯಾಮೆರಾ ಶುರು ಮಾಡಿದ್ದೇ ತಡ, ಮುನಿಯಪ್ಪ ಮೊದಲು ಮೈ ನಡುಗಿಸಿದ. ಆಮೇಲೆ ಕೆಮ್ಮಿದ. ಕೆಮ್ಮುತ್ತಲೇ ಒಂದು ಕಾಲು ಎಳೆಯುತ್ತ ಮೇಜಿನ ಸುತ್ತ ಬಂದ. ಸೊಂಟ ಹಿಡಿದುಕೊಂಡು, "ಅಯ್ಯೋ, ನನ್ನೊಳಗೆ ಏನೋ ಒಕ್ಕಂಡ್ಬುಡ್ತು! ನಾನು ಬರೆದಿದ್ದೆಲ್ಲ ಅಳಿಸೋಯ್ತಾ ಐತೆ! ನನ್ ಫೈಲು, ನನ್ ಫೈಲು!" ಎಂದು ನೆಲಕ್ಕೆ ಬಿದ್ದು ಹೊರಳಾಡಿದ. ಫೈಲು ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಮಗನನ್ನು ಯುದ್ಧಕ್ಕೆ ಕೊಟ್ಟ ತಂದೆ ಕೂಗುವ ಹಾಗೆ ಕೂಗಿದ. ನಾಲ್ಕು ನಿಮಿಷವಾದರೂ ನಿಲ್ಲಲಿಲ್ಲ. ಕ್ಯಾಮೆರಾದವನ ಕಣ್ಣಲ್ಲಿ ನೀರು ಬಂದಿತ್ತು. ಮನೋಹರ್ ತನ್ನ ಮಾತು ಮರೆತು, "ಏಳಣ್ಣ, ಏನಾಯ್ತಣ್ಣ?" ಎಂದು ಓಡಿಬಂದು ಎತ್ತಿದ. ಎಲ್ಲವನ್ನೂ ಅರ್ಧ ನಿಮಿಷಕ್ಕೆ ಕತ್ತರಿಸಿದರೂ ಅದನ್ನು ಮಾತ್ರ ಹಾಗೆಯೇ ಇಟ್ಟು, ಕೊನೆಗೆ 'ಅವರ ಕಂಪ್ಯೂಟರಿಗೆ ವೈರಸ್! ನಮ್ಮ ಕಂಪ್ಯೂಟರ್ ನಿರೋಗಿ!' ಎಂದು ಮನೋಹರನ ಬಾಯಲ್ಲಿ ಹೇಳಿಸಿ, ಕೆಳಗೆ ಅಕ್ಷರದಲ್ಲೂ ಬರೆಸಿದರು.

ಇಷ್ಟೇ ಆಗಿದ್ದರೆ ಜನ ನಕ್ಕು ಮರೆಯುತ್ತಿದ್ದರು. ಆದರೆ ಅದೇ ವರ್ಷ ನಮ್ಮ ಕಡೆಗೆಲ್ಲ ಚಿಕೂನ್‌ಗುನ್ಯ ಬಂದು ವಕ್ಕರಿಸಿತ್ತು. ಮನೆಗೊಬ್ಬರು ಕೀಲು ಹಿಡಿದು ಮಲಗಿದ್ದರು. ಹೆಸರು ಕೇಳಿ ಅದು ಕೋಳಿಯಿಂದ ಬರುತ್ತದೆಂದು ಅರ್ಧ ಜನ ಕೋಳಿ ತಿನ್ನುವುದನ್ನೇ ಬಿಟ್ಟಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು "ಇದೊಂದು ವೈರಸ್" ಎಂದು ಹೇಳಿ ಕಳಿಸುತ್ತಿದ್ದರು. ಹಾಗೆ ಮನೆಗೆ ಬಂದು ಟೀವಿ ಹಾಕಿದರೆ, ಅಲ್ಲಿ ಹೊಂಗನೂರಿನ ಮುನಿಯಪ್ಪ ಕಾಲೆಳೆದುಕೊಂಡು, ಸೊಂಟ ಹಿಡಿದುಕೊಂಡು ಹೊರಳಾಡುತ್ತಿದ್ದ. ಕೆಳಗೆ ದಪ್ಪ ಅಕ್ಷರದಲ್ಲಿ 'ವೈರಸ್'.

ಎರಡನೇ ದಿನವೇ ಊರಿನ ಹೆಂಗಸರು ಎಳನೀರು ಹಿಡಿದುಕೊಂಡು ಮುನಿಯಪ್ಪನ ಮನೆಗೆ ಬಂದರು. ಅವನ ಹೆಂಡತಿ ದೊಡ್ಡಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, "ನಮ್ಮನೇರು ಚೆನ್ನಾಗವ್ರೆ. ಈಗ ತಾನೇ ಎರಡು ಮುದ್ದೆ ಉಂಡವ್ರೆ" ಎಂದು ಸಾರಿ ಸಾರಿ ಹೇಳಿದಳು. ಯಾರೂ ನಂಬಲಿಲ್ಲ. "ಪಾಪ, ಮುಚ್ಚಿಡ್ತಾಳೆ" ಎಂದುಕೊಂಡು ಹೋದರು.

"ಏನ್ ಬಂದಿತ್ತು ನಿಮ್ಗೆ? ನೆಟ್ಟಗಿರೋ ಮನ್ಸ ಇಡೀ ತಾಲ್ಲೂಕಿಗೇ ರೋಗ ತೋರಿಸ್ಕಂಡು ಬಂದವ್ರೆ!" ಎಂದು ದೊಡ್ಡಲಕ್ಷ್ಮಮ್ಮ ಗಂಡನ ಮೇಲೆ ಹರಿಹಾಯ್ದಳು.

ಮುನಿಯಪ್ಪನಿಗೆ ಒಳಗೊಳಗೇ ಹೆಮ್ಮೆ. "ನೋಡಮ್ಮಿ, ನಾನು ಮಾಡಿದ್ದು ನಿಜಾಂತ್ಲೇ ನಂಬವ್ರೆ ಅಂದ್ರೆ, ಪಾರ್ಟು ಎಂಗಿರ್ಬೇಕು!" ಎಂದ. ಬಸ್ಸಿನಲ್ಲಿ ಅವನು ಕೂತರೆ ಪಕ್ಕದವರು ಎದ್ದು ನಿಲ್ಲುತ್ತಿದ್ದರು. ಇಬ್ಬರ ಸೀಟಿನಲ್ಲಿ ಒಬ್ಬನೇ ಕಾಲು ಚಾಚಿಕೊಂಡು ಪೇಟೆಗೆ ಹೋಗಿಬರುವುದು ಒಂದು ವಾರ ಸುಖವಾಗಿಯೇ ಇತ್ತು.

ಆ ಸುಖ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮುಗಿಯಿತು. ಆ ಸಲ ಅವನ ಬೆಳೆ ಚೆನ್ನಾಗಿ ಬಂದಿತ್ತು. ಗೂಡುಗಳನ್ನು ಸುರಿದು ಹರಾಜಿಗೆ ಕಾಯುತ್ತ ನಿಂತ. ನೂಲು ತೆಗೆಯುವ ಫಕ್ರುದ್ದೀನ್ ಸಾಹೇಬರು ಹತ್ತು ವರ್ಷದಿಂದ ಅವನ ಗೂಡನ್ನು ಕಂಡರೆ ಬಿಡುತ್ತಿರಲಿಲ್ಲ. ಅವತ್ತು ಬಂದವರು ಕೈ ಹಿಂದಕ್ಕೆ ಕಟ್ಟಿಕೊಂಡೇ ನಿಂತರು.

"ಮುಟ್ಟಿ ನೋಡಿ ಸಾಹೇಬ್ರೆ, ಎಂಗೈತೆ ಗೂಡು!" ಎಂದ ಮುನಿಯಪ್ಪ.

"ಗೂಡು ಚೆನ್ನಾಗೇ ಇರ್ಬೋದು ಗೌಡ್ರೆ. ಆದ್ರೆ ನಿಮ್ಗೆ ಅದು ಬಂದೈತಂತಲ್ಲ. ಮನೇಲಿ ಮಕ್ಕಳು ಹೇಳಿದ್ರು, ಟೀವೀಲಿ ನೋಡಿದ್ರಂತೆ. ವೈರಸ್ಸು."

ಪಕ್ಕದಲ್ಲಿದ್ದ ನಾಲ್ಕೈದು ಮಂದಿಯ ಕಿವಿ ನೆಟ್ಟಗಾಯಿತು. ರೇಷ್ಮೆಯವರಿಗೆ ವೈರಸ್ ಎಂಬ ಮಾತು ಹೊಸದಲ್ಲ. ಹುಳುಗಳು ಹಾಲಿನಂತೆ ಬೆಳ್ಳಗೆ ಊದಿ ಸಾಯುವ ಹಾಲುತೊಂಡೆ ರೋಗ ಬರುವುದೂ ವೈರಸ್ಸಿನಿಂದಲೇ ಎಂದು ರೇಷ್ಮೆ ಇಲಾಖೆಯವರು ಊರೂರಿಗೆ ಬಂದು ಹೇಳಿದ್ದರು.

"ಅದು ಕಂಪ್ಯೂಟರಿನ ವೈರಸ್ ಕಣ್ರಪ್ಪ! ನಂದಲ್ಲ!" ಎಂದು ಮುನಿಯಪ್ಪ ಕೂಗಿದ.

"ನಿಮ್ಮನೇಲಿ ಕಂಪ್ಯೂಟರ್ ಐತಾ?" ಎಂದು ಒಬ್ಬ ಕೇಳಿದ.

"ಎಲ್ಲೈತೆ? ನಾನೇ ಕಂಪ್ಯೂಟರು!"

ಅಲ್ಲಿಗೆ ಜನಕ್ಕೆ ಗಟ್ಟಿಯಾಯಿತು. ಜ್ವರ ತಲೆಗೇರಿದೆ ಎಂದುಕೊಂಡು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದರು. ಒಳ್ಳೆಯ ಗೂಡು ಸಿಕ್ಕ ಬೆಲೆಗೆ ಯಾರ ಪಾಲಿಗೋ ಹೋಯಿತು. ಮುನಿಯಪ್ಪ ಮನೆಗೆ ಹೋಗದೆ ನೆಟ್ಟಗೆ ಹೊಂಬೆಳಕಿಗೆ ನುಗ್ಗಿದ.

"ನಿಲ್ಸಪ್ಪ ಅದನ್ನ! ನನ್ ಹುಳದ ಮಾನ ಕಳೀತಾ ಐತೆ!"

ಮನೋಹರ್ ಕೈಮುಗಿದ. "ಮುನಿಯಪ್ಪಣ್ಣ, ತಿಂಗಳ ಕೊನೇವರೆಗೂ ಕೇಬಲ್‌ನವರಿಗೆ ಒಪ್ಪಿಸಿಬಿಟ್ಟಿದ್ದೀನಿ. ಈಗ ತಾನೇ ಜನ ಬರೋಕೆ ಶುರು ಮಾಡಿದ್ದಾರೆ. ನಿನ್ನಿಂದಲೇ ಅಣ್ಣ ಇದೆಲ್ಲ!"

ಹೊಗಳಿಕೆಗೆ ಕರಗುವ ಮನುಷ್ಯನಾದರೂ ಮುನಿಯಪ್ಪ ಅವತ್ತು ಕರಗಲಿಲ್ಲ. ಹೊರಗೆ ಬಂದು ನಿಂತಾಗ ಎದುರಿನ ಅಂಗಡಿಯಿಂದ ನಿಖಾತ್ ಅವನನ್ನೇ ನೋಡುತ್ತಿದ್ದಳು. ಆ ಜಾಹೀರಾತಿನಿಂದ ಅವಳ ಪಾಡೂ ನಾಯಿಪಾಡಾಗಿತ್ತು. ಕಲಿಯಲು ಬರುತ್ತಿದ್ದವರು, "ಮೇಡಂ, ನಿಮ್ಮ ಕೀಬೋರ್ಡ್ ಮುಟ್ಟಿದ್ರೆ ಕೈ ಹಿಡ್ಕೊಳ್ಳುತ್ತಾ?" ಎಂದು ಕೇಳುತ್ತಿದ್ದರು. ಒಬ್ಬಾಕೆ ಕೈಗವಸು ಹಾಕಿಕೊಂಡು ಟೈಪು ಮಾಡುತ್ತಿದ್ದಳು.

"ಬನ್ನಿ ಅಣ್ಣಾ, ಕೂತ್ಕೊಳ್ಳಿ" ಎಂದು ನಿಖಾತ್ ಟೀ ತರಿಸಿದಳು. "ನಾನು ನಿಮ್ಮ ಮೇಲೆ ಕೋಪ ಮಾಡ್ಕೊಂಡಿದ್ದೆ. ಆದ್ರೆ ನಿಜ ಹೇಳ್ತೀನಿ, ನೀವು ಆ 'ನನ್ ಫೈಲು' ಅಂತ ಕೂಗಿದಾಗ ನಮ್ಮ ಅಮ್ಮ ಅತ್ತುಬಿಟ್ರು."

ಮುನಿಯಪ್ಪನ ಮುಖ ಅರಳಿತು. "ಹೌದಾ ತಾಯಿ? ಅಲ್ಲಿ ಒಸಿ ಜಾಸ್ತಿಯಾಯ್ತೇನೋ ಅಂತ ನಂಗೇ ಅನುಮಾನವಿತ್ತು."

ಅವನು ಟೀ ಕುಡಿದು ಮುಗಿಸುವುದರೊಳಗೆ ಅವಳು ಒಂದು ಉಪಾಯ ಹೇಳಿದಳು. ಅವಳ ಅಂಗಡಿಯಲ್ಲಿ ವೈರಸ್ ಹಿಡಿದು ಅಳಿಸುವ ಸೀಡಿ ಇತ್ತು. ಅದೇ ಮುನಿಯಪ್ಪ, ಅದೇ ರಟ್ಟಿನ ಚೌಕಟ್ಟು. ಸೀಡಿ ಒಳಗೆ ಹೋದ ಕೂಡಲೇ ಕಂಪ್ಯೂಟರ್ ಎದ್ದು ಕುಣಿಯಬೇಕು.

"ಒಟ್ನಲ್ಲಿ ನಾನು ವಾಸಿಯಾದೆ ಅಂತ ಊರಿಗೆಲ್ಲ ಗೊತ್ತಾಗ್ತದೆ ತಾನೇ?"

"ಗೊತ್ತಾಗುತ್ತೆ."

"ಹಂಗಾರೆ ಸರಿ."

ಈ ಸಲ ಅವನು ರಟ್ಟಿನ ಸಂದಿಯಲ್ಲಿ ಸೀಡಿ ತೂರಿಸಿಕೊಂಡು ಕಣ್ಣರಳಿಸಿದ, ತೊಡೆ ತಟ್ಟಿದ, ಮೇಜಿನ ಮೇಲೆ ಹತ್ತಿ ಹಾರಿದ. ಕಪಾಟಿನಲ್ಲಿದ್ದ ಎರಡು ಮರದ ಗೊಂಬೆ ಉರುಳಿಬಿದ್ದವು. "ಯಾವ ವೈರಸ್ಲಾ ನನ್ನ ಮುಟ್ಟೋನು? ಬಾರ್ಲಾ!" ಎಂದು ಅಬ್ಬರಿಸಿದ.

ಆ ಸಂಜೆಯಿಂದ ಕೇಬಲ್ಲಿನಲ್ಲಿ ಎರಡು ಜಾಹೀರಾತೂ ಒಂದರ ಹಿಂದೆ ಒಂದು ಬರತೊಡಗಿದವು. ಮುನಿಯಪ್ಪ ಮೊದಲು ನರಳುತ್ತಿದ್ದ, ಅರ್ಧ ನಿಮಿಷ ಬಿಟ್ಟು ತೊಡೆ ತಟ್ಟುತ್ತಿದ್ದ. ಹತ್ತು ನಿಮಿಷಕ್ಕೆ ಮತ್ತೆ ಕಾಯಿಲೆ, ಮತ್ತೆ ವಾಸಿ. ಟೀ ಅಂಗಡಿಗಳಲ್ಲಿ ಎರಡು ಪಕ್ಷವಾಯಿತು. ಕಾಯಿಲೆಯೇ ಬಾರದ ಹಕ್ಕಿ ಕಂಪ್ಯೂಟರ್ ಮೇಲೆಂದು ಒಬ್ಬರು, ಬಂದರೂ ಗೆದ್ದು ಏಳುವ ಕಂಪ್ಯೂಟರೇ ಗಂಡು ಎಂದು ಇನ್ನೊಬ್ಬರು. ವಾದ ಮಾಡಿದವರಲ್ಲಿ ಒಬ್ಬರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ.

ಒಂದು ಬೆಳಿಗ್ಗೆ ಊರುಗೋಲು ಹಿಡಿದ ಮುದುಕರೊಬ್ಬರು ನಿಖಾತಳ ಅಂಗಡಿಗೆ ಬಂದು, ಮಂಡಿ ತೋರಿಸಿ, "ಆ ಗೌಡ ನುಂಗಿದ ಬಿಲ್ಲೆ ನಂಗೂ ಒಂದು ಕೊಡವ್ವ" ಎಂದರು. ಅವಳು ಸೀಡಿಯನ್ನು ಕೈಗೆ ಕೊಟ್ಟು ತೋರಿಸಿದಳು. "ಇಷ್ಟು ದೊಡ್ದಾ? ಅರ್ಧ ಮಾಡಿ ತಕಬೋದಾ?" ಎಂದರು. ಅವಳು ನಗಲಿಲ್ಲ, ಆಟೋ ಹತ್ತಿಸಿ ಸರ್ಕಾರಿ ಆಸ್ಪತ್ರೆಗೆ ಕಳಿಸಿದಳು. ಅಂದೇ ಬಾಗಿಲಿಗೆ 'ಈ ಸೀಡಿ ಮನುಷ್ಯರಿಗಲ್ಲ' ಎಂದು ಬೋರ್ಡು ಬರೆಸಿ ಹಾಕಿದಳು.

ಇನ್ನೊಂದು ವಾರಕ್ಕೆ ಹೊಂಬೆಳಕಿನ ಬಾಗಿಲು ಮುಚ್ಚಿತ್ತು. ಕೇಳಿದರೆ, ನಿರೋಗಿ ಕಂಪ್ಯೂಟರಿಗೆ ಚಿಕೂನ್‌ಗುನ್ಯ. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಮುನಿಯಪ್ಪನೂ ನಕ್ಕ. ನಕ್ಕು, ಒಂದು ಚೀಲ ಸೀಬೆಹಣ್ಣು ಹಿಡಿದುಕೊಂಡು ನೋಡಲು ಹೋದ.

ಮನೋಹರ್ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ನರಳುತ್ತಿರಲಿಲ್ಲ. ನೀರಿನ ಲೋಟವನ್ನು ಬೆರಳುಗಳಲ್ಲಿ ಹಿಡಿಯಲಾಗದೆ ಎರಡು ಮುಂಗೈಗಳ ನಡುವೆ ಇಟ್ಟುಕೊಂಡು, ಮೆಲ್ಲಗೆ ಬಾಯಿಗೆ ತಂದು, ಒಂದು ಗುಟುಕು ಕುಡಿದು, ಮತ್ತೆ ಕೆಳಗಿಡಲು ಧೈರ್ಯ ಸಾಲದೆ ಹಾಗೇ ಹಿಡಿದುಕೊಂಡಿದ್ದ. ಮುನಿಯಪ್ಪ ಬಾಗಿಲಲ್ಲೇ ನಿಂತು ಇದನ್ನು ನೋಡಿದ. ಮೂವತ್ತು ವರ್ಷ ರಂಗದ ಮೇಲೆ ನರಳಿದ್ದವನು ಹತ್ತಿರ ಹೋಗಿ ಲೋಟ ಇಸಕೊಂಡು ಕೆಳಗಿಟ್ಟ.

"ನೋವಾಗ್ತೈತಾ?"

"ಕೂಗೋದಕ್ಕೂ ಆಗೋದಿಲ್ಲ ಅಣ್ಣ. ದವಡೆ ನೋಯುತ್ತೆ."

"ನಾನು ತೆಪ್ಪು ಮಾಡ್ಬುಟ್ಟೆ" ಎಂದ ಮುನಿಯಪ್ಪ. "ಅಷ್ಟೊಂದು ಕೂಗ್ಬಾರ್ದಿತ್ತು."

ಮನೋಹರ್ ನಗಲು ಹೋಗಿ ಮುಖ ಕಿವುಚಿದ. "ಆ ಆಡ್ ನಿಲ್ಲಿಸೋಕೆ ಹೇಳ್ಬಿಡಣ್ಣ. ಹತ್ತು ನಿಮಿಷಕ್ಕೊಂದ್ಸಲ ನಾನೇ ಬಂದು ನಿರೋಗಿ ಅಂತೀನಿ. ಕೇಳೋಕಾಗ್ತಿಲ್ಲ."

ಮುನಿಯಪ್ಪ ಕೇಬಲ್‌ನವರಿಗೆ ಹೇಳಿ ನಿಲ್ಲಿಸಿದ. ನಿಖಾತಳೂ ತನ್ನದನ್ನು ನಿಲ್ಲಿಸಿದಳು. ಎದುರಿನ ಬಾಗಿಲು ಮುಚ್ಚಿರುವಾಗ ತೊಡೆ ತಟ್ಟಿಸುವುದು ಚೆನ್ನಾಗಿರದು ಎಂದಳು. ಮನೋಹರ್ ಎದ್ದು ಓಡಾಡುವವರೆಗೆ ಅವನ ಗಿರಾಕಿಗಳ ಕಂಪ್ಯೂಟರ್ ಕೆಟ್ಟರೆ ಅವಳೇ ಹೋಗಿ ನೋಡಿಕೊಂಡಳು. ಹಕ್ಕಿ ಚಿತ್ರದ ಸಿಸ್ಟಮ್ ಅವಳಿಗೆ ಹಿಡಿಸಿಯೂ ಹೋಯಿತು. ಅದನ್ನು ಮಾತ್ರ ಅವಳು ಮನೋಹರನಿಗೆ ಬಹಳ ದಿನ ಹೇಳಲಿಲ್ಲ. ಮುಂದಿನ ಬೆಳೆಯ ಗೂಡನ್ನು ಫಕ್ರುದ್ದೀನ್ ಸಾಹೇಬರು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, "ಈಗ ಸರಿಹೋದ್ರಿ ಗೌಡ್ರೆ" ಎಂದು ಎಂದಿನಂತೆ ಕೊಂಡರು.

ಇಷ್ಟರಲ್ಲಿ ಆರೋಗ್ಯ ಇಲಾಖೆಯ ಜೀಪು ಹೊಂಗನೂರಿಗೆ ಬಂತು. ಚಿಕೂನ್‌ಗುನ್ಯ ಹರಡುವ ಸೊಳ್ಳೆಯ ಕಾಟದ ಬಗ್ಗೆ ಬೀದಿ ನಾಟಕ ಮಾಡಿಸುತ್ತಿದ್ದರು. ಟೀವಿಯ ಮುನಿಯಪ್ಪನೇ ಬೇಕು ಎಂದರು.

"ರೋಗಿ ಪಾರ್ಟಾದ್ರೆ ನಾನೊಲ್ಲೆ" ಎಂದ ಮುನಿಯಪ್ಪ.

"ರೋಗಿ ಅಲ್ಲ ಯಜಮಾನ್ರೆ. ಸೊಳ್ಳೆ."

ಅವನು ಯೋಚಿಸಿ ಒಪ್ಪಿಕೊಂಡ. ದೊಡ್ಡಲಕ್ಷ್ಮಮ್ಮನೇ ಹಳೇ ಸೀರೆಯಲ್ಲಿ ರೆಕ್ಕೆ ಹೊಲಿದುಕೊಟ್ಟಳು. ಮಾಗಡಿ ಕಡೆಯಿಂದ ಶುರು. ಕುದೂರಿನ ಬಸ್ ನಿಲ್ದಾಣದ ಹತ್ತಿರ ಅವನು ಗುಂಯ್‌ಗುಡುತ್ತ ಬಂದು, ಒಂದು ಮನೆಯ ಮುಂದಿನ ಡ್ರಮ್ಮಿನ ಅಂಚಿಗೆ ಕೂತು, "ಆಹಾ, ಎಂಟು ದಿನದ ನೀರು! ನನ್ ಮಕ್ಕಳು ಮರಿಯೆಲ್ಲ ಇಲ್ಲೇ ಅವ್ರೆ!" ಎಂದು ಪ್ರೀತಿಯಿಂದ ಡ್ರಮ್ಮು ಸವರಿದ. ಜನ ಹೋ ಎಂದರು. ಮನೆಯೊಡತಿಗೆ ಅವಮಾನವಾಗಿ, ಪೊರಕೆ ಹಿಡಿದು ಹೊರಗೆ ಬಂದು, ನಾಟಕವೋ ನಿಜವೋ ನೋಡದೆ ಅವನ ಬೆನ್ನಿಗೆ ಎರಡು ಬಾರಿಸಿದಳು. ಮುನಿಯಪ್ಪ ರೆಕ್ಕೆ ಎತ್ತಿಕೊಂಡು ಬೀದಿಯ ಆ ತುದಿಯವರೆಗೆ ಓಡಿದ. ತಿರುಗಿ ನೋಡಿದಾಗ ಆಕೆ, ಪಕ್ಕದ ಮನೆಯವರು, ಅದರಾಚೆಯವರು, ಎಲ್ಲರೂ ತಂತಮ್ಮ ಡ್ರಮ್ಮುಗಳನ್ನು ಚರಂಡಿಗೆ ಬಗ್ಗಿಸುತ್ತಿದ್ದರು.