ತೆಳ್ಳನೆ ಲ್ಯಾಪ್‌ಟಾಪು, ಬಳಿದ ಗೋಡೆ

ಮೇ 9, ಶುಕ್ರವಾರ, ಬೆಳಿಗ್ಗೆ 11 ಗಂಟೆ 10 ನಿಮಿಷ.

ಗೋಡೆಗೆ ಬಳಿದ ಕೆಮ್ಮಣ್ಣು ಇನ್ನೂ ಪೂರ್ತಿ ಒಣಗಿರಲಿಲ್ಲ. ನಾನು ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಲ್ಯಾಪ್‌ಟಾಪ್ ತೆರೆದೆ. ‘ಅಜ್ಜಿ ಚಿತ್ತಾರ’ ಅನ್ನುವ ಫೋಲ್ಡರ್ ಇತ್ತು. ಒಳಗೆ ಇಪ್ಪತ್ತಾರು ಫೋಟೋಗಳ ಹೆಸರು ಸಾಲಾಗಿದ್ದವು. ಮೊದಲನೆಯದನ್ನು ಒತ್ತಿದೆ.

‘ಇಂಟರ್ನೆಟ್ ಸಂಪರ್ಕ ಇಲ್ಲ. ಫೈಲ್ ತೆರೆಯಲಾಗುತ್ತಿಲ್ಲ.’

ಎರಡನೆಯದು? ಅದೇ ಮಾತು. ಹತ್ತನೆಯದು? ಅದೇ. ಪ್ರತಿ ಹೆಸರಿನ ಪಕ್ಕದಲ್ಲೂ ಒಂದು ಪುಟಾಣಿ ಮೋಡದ ಗುರುತು. ಇದನ್ನು ನಾನು ದಿನಾ ನೋಡುತ್ತೇನೆ. ಅದರ ಅರ್ಥ ಏನು ಅಂತ ಯೋಚಿಸಿದ್ದು ಮಾತ್ರ ಅವತ್ತೇ.

ಬೆನ್ನ ಹಿಂದೆ ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. “ತೋರ್ಸೆ ಸುಮಾ. ಅಕ್ಕಿ ಅರೆದಿಟ್ಟು ಆಗ್ಲೇ ಹೊತ್ತಾಯ್ತು.”

ಗೋಡೆ ಬಳಿಯಲು ಹೇಳಿದ್ದು ನಾನೇ.

ವಿಷಯ ಇಷ್ಟು. ಹೊಸನಗರದಿಂದ ಹುಲಿಕಲ್ ಕಡೆಗೆ ಹೋಗುವ ರಸ್ತೆಯಲ್ಲಿ, ಫೋನಿನ ಕಡ್ಡಿಗಳು ಒಂದೊಂದೇ ಮಾಯವಾಗುವ ಜಾಗದಲ್ಲಿ ನಮ್ಮ ದೊಡ್ಡಮ್ಮನ ಮನೆ. ದೊಡ್ಡಮ್ಮನ ಕಿರಿ ಮಗಳು ಶಶಿಗೆ ಮೇ 11ರ ಭಾನುವಾರ ಮದುವೆ. ನಮ್ಮಲ್ಲಿ ಮದುವೆಯೆಂದರೆ ನಡುಮನೆಯ ಗೋಡೆಗೆ ಹಸೆ ಚಿತ್ತಾರ ಆಗಲೇಬೇಕು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅರೆದ ಅಕ್ಕಿಯ ಬಿಳಿ, ಪುಂಡಿ ನಾರಿನ ಕುಂಚ, ಒಂದರ ಪಕ್ಕ ಒಂದು ನೇರವಾದ ಎಳೆ. ಅದರ ಮುಂದೆ ಗಂಡು-ಹೆಣ್ಣು ಕೂರುತ್ತಾರೆ.

ಆ ಗೋಡೆಯಲ್ಲಿ ಅವತ್ತಿನ ಬೆಳಗಿನ ತನಕ ಅಜ್ಜಿಯ ಚಿತ್ತಾರ ಇತ್ತು. ಶಶಿಯ ಅಕ್ಕ ಗೀತಕ್ಕನ ಮದುವೆಗೆ, ಆರು ವರ್ಷದ ಹಿಂದೆ, ಅಜ್ಜಿ ಬರೆದದ್ದು. ಅದೇ ಕೊನೆಯದು. ಅಜ್ಜಿ ಹೋಗಿ ಎರಡು ವರ್ಷವಾಯಿತು. ಅಂಚಿನ ಎಳೆ, ಏಣಿ, ಬಾಸಿಂಗ ಎಲ್ಲ ದೊಡ್ಡಮ್ಮನಿಗೆ ಬರುತ್ತದೆ. ಬಾರದ್ದು ಒಂದೇ. ನಟ್ಟನಡುವಿನ ಚೌಕದಲ್ಲಿ, ಗಂಡು-ಹೆಣ್ಣಿನ ಗೊಂಬೆಗಳ ನಡುವೆ, ಅಜ್ಜಿ ಒಂದು ಹೆಣಿಗೆ ಹಾಕುತ್ತಿದ್ದರು. ಎಳೆ ಗಂಡಿನ ಕೈಯಿಂದ ಹೊರಟು ಸುತ್ತಿ ಬಳಸಿ ಹೆಣ್ಣಿನ ಕೈಗೆ ಬರುತ್ತಿತ್ತು. ಅದೊಂದನ್ನು ಬರೆಯುವಾಗ ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರಂತೆ. ಮುಗಿದ ಮೇಲೆ ಎಲ್ಲರೂ ನೋಡಿದ್ದಾರೆ. ಬರೆಯುವುದನ್ನು ಯಾರೂ ನೋಡಿಲ್ಲ.

“ನೋಡ್ಕಂಡು ನೋಡ್ಕಂಡು ಬರೀಬೇಕು, ಹಳೇದ್ರ ಮೇಲೆ ಹೆಂಗೆ ಬಳೀಲಿ?” ಅಂತ ದೊಡ್ಡಮ್ಮ ಬೆಳಿಗ್ಗೆ ಅನುಮಾನಿಸಿದರು.

“ಬಳಿ ದೊಡ್ಡಮ್ಮ. ಎಲ್ಲ ನನ್ ಲ್ಯಾಪ್‌ಟಾಪಲ್ಲಿದೆ” ಅಂದೆ. ಫೆಬ್ರವರಿಯಲ್ಲಿ ಬಂದಾಗ ಇಡೀ ಗೋಡೆಯ ಫೋಟೋ ತೆಗೆದುಕೊಂಡಿದ್ದೆ. ಎಷ್ಟು ಧೈರ್ಯ ನೋಡಿ!

ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ ಈ ಲ್ಯಾಪ್‌ಟಾಪನ್ನು ಹೊಗಳಿ ಬರೆದಿದ್ದೆ, ನೆನಪಿದೆಯಾ? ಜನವರಿಯಲ್ಲಿ ಕೊಂಡದ್ದು. ಸಾಗರದ ನಮ್ಮ ಬೀದಿಯ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದನ್ನೂ ಬರೆದಿದ್ದೆ. ಒಂಬೈನೂರ ಎಂಬತ್ತು ಗ್ರಾಂ. (“ಇಪ್ಪತ್ತು ಗ್ರಾಂ ಬೆಲ್ಲ ಹಾಕ್ಲಾ, ಕೆಜಿ ಸರಿ ಹೋಗ್ತದೆ” ಅಂದಿದ್ದರು ಅಂಗಡಿಯವರು.) ಮದುವೆ ಕರೆಯೋಲೆ, ಅಂಗಡಿ ಬೋರ್ಡು ಡಿಸೈನ್ ಮಾಡಿಕೊಡುವ ನನಗೆ ಇದೊಂದೇ ಸಾಕು ಅನ್ನಿಸಿ, ಹಳೆಯ ಡೆಸ್ಕ್‌ಟಾಪನ್ನು ಯುಪಿಎಸ್ ಸಮೇತ ಮಾರಿಬಿಟ್ಟೆ. ತೀರ್ಥಹಳ್ಳಿಯ ಓದುಗರೊಬ್ಬರು ಕಾಗದ ಬರೆದು, ‘ನಿಜವಾಗಿಯೂ ಇದೊಂದೇ ಸಾಕಾ?’ ಅಂತ ಕೇಳಿದ್ದರು. ‘ಧಾರಾಳ ಸಾಕು’ ಅಂತ ಎರಡೇ ಪದದಲ್ಲಿ ಉತ್ತರಿಸಿದ್ದೆ.

ಸರ್, ಹಳೆಯದನ್ನು ಇನ್ನೂ ಮಾರಿಲ್ಲ ತಾನೆ? ಸ್ವಲ್ಪ ತಡೆಯಿರಿ.

ಹಗುರ ಲ್ಯಾಪ್‌ಟಾಪಿನ ಹೊಟ್ಟೆ ಸಣ್ಣದು. ಏಪ್ರಿಲ್‌ನಲ್ಲಿ ‘ಜಾಗ ತುಂಬಿದೆ’ ಅಂತ ಒಂದು ಎಚ್ಚರಿಕೆ ಬಂತು. ಜೊತೆಗೆ ‘ಜಾಗ ಖಾಲಿ ಮಾಡಿ’ ಅನ್ನುವ ಬಟನ್ನು. ಒತ್ತಿದೆ. ನಿಮಿಷದೊಳಗೆ ಅರ್ಧ ಖಾಲಿ! ಫೋಲ್ಡರ್ ತೆರೆದು ನೋಡಿದರೆ ಎಲ್ಲ ಹೆಸರೂ ಇದ್ದ ಹಾಗೇ ಇವೆ. ಏನೂ ಅಳಿಯದೆ ಜಾಗ ಹೇಗೆ ಆಯಿತು ಅಂತ ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಹೆಸರುಗಳನ್ನು ನನ್ನ ಹತ್ತಿರ ಬಿಟ್ಟು, ಫೈಲುಗಳನ್ನು ಅದು ಎಲ್ಲೋ ದೂರದ ಕಂಪ್ಯೂಟರಿಗೆ ಕಳಿಸಿಯಾಗಿತ್ತು. ಸಾಗರದ ಮನೆಯಲ್ಲಿ ವೈಫೈ ಇರುತ್ತದೆ, ಒತ್ತಿದ ತಕ್ಷಣ ಫೈಲು ಅಲ್ಲಿಂದ ಓಡಿ ಬರುತ್ತದೆ. ಹಾಗಾಗಿ ಅದು ಇಲ್ಲೇ ಇದೆ ಅಂದುಕೊಂಡಿದ್ದೆ.

“ಎಂತಾಯ್ತೆ?” ದೊಡ್ಡಮ್ಮ ಬಗ್ಗಿ ನೋಡಿದರು.

“ನೆಟ್‌ವರ್ಕ್ ಇಲ್ಲ ದೊಡ್ಡಮ್ಮ. ಅದು ಬಂದ್ರೆ ಫೋಟೋ ಬರ್ತದೆ.”

“ನಿನ್ ಪೆಟ್ಟಿಗೇಲೇ ಅದೆ ಅಂದ್ಯಲೆ!”

“ಅದೆ… ಅಂದ್ರೆ, ಹೆಸ್ರು ಅದೆ.”

ಎಳೆ ಬರೆಯಲು ನೆರವಿಗೆ ಬಂದಿದ್ದ ಪಕ್ಕದ ಮನೆಯ ರತ್ನಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು. “ನಾನ್ ಆಗ್ಲೇ ಅಂದ್ಕಂಡೆ ಮಾರಾಯ್ತಿ. ಅಷ್ಟು ತೆಳೂ ಅದೆ, ಒಳಗೆ ಎಂತ ಹಿಡಿತದೆ ಅಂತ.”

ಶಶಿ ನಗಲಿಲ್ಲ. ಅರಿಶಿನ ಹಚ್ಚಿದ ಮುಖದಲ್ಲಿ ಗೋಡೆಯನ್ನೇ ನೋಡುತ್ತಿದ್ದಳು. ಗೋಡೆ ಈ ತುದಿಯಿಂದ ಆ ತುದಿಗೆ ಕೆಂಪಗಿತ್ತು. “ಫೋನಲ್ಲಿಲ್ವಾ?” ಅಂತ ಮಾತ್ರ ಕೇಳಿದಳು.

ಫೋನಿನಲ್ಲಿ ಇರಲಿಲ್ಲ. ಕಾರಣ ನನ್ನ ದಿನಚರಿಯಲ್ಲೇ ಇದೆ: ‘ಫೆಬ್ರವರಿ 16. ಫೋಟೋ 26, ಲ್ಯಾಪ್‌ಟಾಪಿಗೆ ಹಾಕಿದೆ. ಎಣಿಸಿದೆ. ಫೋನಿನಿಂದ ಅಳಿಸಿದೆ.’ ನನ್ನದು ಹೀಗೇ. ಒಂದು ವಸ್ತುವಿಗೆ ಒಂದೇ ಜಾಗ.

11.45ರ ಬಸ್ಸು ಹತ್ತಿದೆ. “ನಡುವಿಂದು ಒಂದ್ ಬಿಟ್ಟು ಉಳಿದಿದ್ದು ಹಿಡಿತೀವಿ, ಬೇಗ ಬಾ” ಅಂದರು ದೊಡ್ಡಮ್ಮ. ಸಂಜೆಯೊಳಗೆ ಮುಗಿಯಲೇಬೇಕು. ಮಾರನೇ ದಿನ ಬೆಳಿಗ್ಗೆಯಿಂದಲೇ ನೆಂಟರು ಬರುತ್ತಾರೆ, ಶಾಸ್ತ್ರ ಶುರುವಾಗುತ್ತದೆ.

ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆ ಮೇಲೆ ಇಟ್ಟುಕೊಂಡಿದ್ದೆ. ಅಷ್ಟು ಭಾರ ಅದು ಯಾವತ್ತೂ ಆಗಿರಲಿಲ್ಲ. ಬ್ಯಾಟರಿ ಶೇಕಡಾ 31. ಚಾರ್ಜರ್ ಸಾಗರದಲ್ಲಿ. (ಯಾಕೆ ಅಂತ ಕೇಳುತ್ತೀರಾ? ತೂಕ ಅಂತ ಬಿಟ್ಟು ಬಂದಿದ್ದೆ.) ಮೂರು ತಿಂಗಳ ಕರೆಯೋಲೆಗಳ ಫೈಲು, ಗಿರಾಕಿಗಳ ವಿಳಾಸ, ಅಪ್ಪನ ಪಹಣಿಯ ಸ್ಕ್ಯಾನು, ನನ್ನ ಅಂಕಪಟ್ಟಿ ಎಲ್ಲ ಇದರಲ್ಲೇ ‘ಇವೆ’. ಇವೆಯಾ? ಒಂದೊಂದೇ ಹೆಸರು ನೆನಪು ಮಾಡಿಕೊಂಡೆ. ಪ್ರತಿ ಹೆಸರಿನ ಪಕ್ಕದಲ್ಲೂ ಆ ಪುಟಾಣಿ ಮೋಡ ಕಂಡಿತು. ನನ್ನ ಸಂಸಾರವೇ ಯಾರದೋ ಅಟ್ಟದಲ್ಲಿದೆ, ನನ್ನ ಹತ್ತಿರ ಇರುವುದು ಬರೀ ಪಟ್ಟಿ ಅನ್ನಿಸಿತು.

ಹೊಸನಗರ ಬಸ್‌ಸ್ಟ್ಯಾಂಡಿನ ಪಕ್ಕದ ಬೇಕರಿ. ಕೂರಲು ಬೆಂಚು ಬೇಕಲ್ಲ, ಟೀ-ಬನ್ನು ಹೇಳಿದೆ. ಫೋನಿನ ಹಾಟ್‌ಸ್ಪಾಟ್ ಹಾಕಿದೆ. ನೀಲಿ ಗೆರೆ ಆಮೆಯ ಹಾಗೆ ಮುಂದೆ ಹೋಗತೊಡಗಿತು. ನಾನು ಉಸಿರು ಹಿಡಿದು ಕೂತಿದ್ದನ್ನು ನೋಡಿ ಬೇಕರಿಯವರು, “ರಿಸಲ್ಟಾ ಮೇಡಂ?” ಅಂದರು.

“ಅಲ್ಲ. ಗೋಡೆ.”

“ಗೋಡೆ?”

“ಅಜ್ಜಿ ಗೋಡೆ.”

ಅವರು ಬನ್ನಿಗೆ ಬೆಣ್ಣೆ ಸ್ವಲ್ಪ ಜಾಸ್ತಿಯೇ ಹಚ್ಚಿಕೊಟ್ಟರು.

ಒಂದು ಬಂತು. ಎರಡು ಬಂದವು. ಗೋಡೆಯ ಎಡಗಡೆ, ಬಲಗಡೆ, ಮೇಲಂಚು. ಅಜ್ಜಿಯ ಕೈ ನಡುಗಿದ ಒಂದು ಎಳೆ ಕೂಡ ಸ್ಪಷ್ಟವಾಗಿತ್ತು. ಪ್ರಾಣ ಬಂದ ಹಾಗಾಯಿತು. ಪೂರ್ತಿ ಗೋಡೆಯ ಫೋಟೋಗಳೂ ಬಂದವು. ಅವುಗಳಲ್ಲಿ ನಟ್ಟನಡುವೆ ಶಶಿ ಸಾವಧಾನ್ ಭಂಗಿಯಲ್ಲಿ ನಿಂತಿದ್ದಾಳೆ. ನಿಲ್ಲಿಸಿದ್ದು ನಾನೇ. ‘ನಿಂತ್ಕಳೆ, ಅಳತೆ ಗೊತ್ತಾಗ್ಬೇಕು’ ಅಂದಿದ್ದೆ. ಅಳತೆ ಚೆನ್ನಾಗಿ ಗೊತ್ತಾಗುತ್ತದೆ. ಅವಳ ಹಿಂದಿನ ಚೌಕ ಕಾಣುವುದಿಲ್ಲ.

ಪರವಾಗಿಲ್ಲ. ಆ ಚೌಕವನ್ನು ಹತ್ತಿರದಿಂದ ಬೇರೆಯಾಗಿಯೇ ತೆಗೆದಿದ್ದೆ. ಅದೇ ಕೊನೆಯದು, ಇಪ್ಪತ್ತಾರನೆಯದು.

1 ಗಂಟೆ 25ಕ್ಕೆ ಅದು ತೆರೆದುಕೊಂಡಿತು. ಮೇಲಿನ ಅರ್ಧ ಚಿತ್ತಾರ. ಕೆಳಗಿನ ಅರ್ಧ ಬೂದಿ ಬಣ್ಣ.

ಇನ್ನೂ ಬರುತ್ತಿದೆ ಅಂದುಕೊಂಡೆ. ಕಾದೆ. ಮುಚ್ಚಿ ತೆರೆದೆ. ಮತ್ತೆ ಇಳಿಸಿದೆ. ಬೂದಿ ಬೂದಿಯಾಗಿಯೇ ಇತ್ತು. ಆಗ ನೆನಪಾಯಿತು. ಈ ಲ್ಯಾಪ್‌ಟಾಪಿಗೆ ನನ್ನ ಫೋನಿನ ವೈರು ನೇರವಾಗಿ ಸೇರುವುದಿಲ್ಲ. ಅಷ್ಟು ತೆಳ್ಳಗಿನ ಅಂಚಿನಲ್ಲಿ ಆ ತೂತಿಗೆ ಜಾಗ ಎಲ್ಲಿ? ಹಾಗಾಗಿ ಅವತ್ತು ಫೋಟೋಗಳನ್ನು ವೈರಿಲ್ಲದೆ ಕಳಿಸಿದ್ದೆ. ಕೊನೆಯದು ಹೋಗುತ್ತಿರುವಾಗ ಫೋನು ಆಫ್ ಆಗಿತ್ತು. ಚಾರ್ಜಿಗೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಎಣಿಸಿದೆ. ಇಪ್ಪತ್ತಾರು. ಲೆಕ್ಕ ಸರಿ. ಅಳಿಸಿದೆ.

ಎಣಿಸಿದ್ದೆ. ತೆರೆದು ನೋಡಿರಲಿಲ್ಲ.

ಇಲ್ಲಿ ದೂರದ ಕಂಪ್ಯೂಟರಿನ ತಪ್ಪೇನೂ ಇಲ್ಲ. ಅರ್ಧ ಕೊಟ್ಟಿದ್ದೆ, ಅದು ಅರ್ಧವನ್ನೇ ಜೋಪಾನ ಮಾಡಿ ಅರ್ಧವನ್ನೇ ವಾಪಸ್ ಕೊಟ್ಟಿತು. ಇನ್ನೇನು ಮಾಡೀತು?

ಮೂರೂಕಾಲಿಗೆ ವಾಪಸ್ ಬಂದಾಗ ಗೋಡೆ ತುಂಬಿತ್ತು. ಅಂಚು, ಏಣಿ, ಬಾಸಿಂಗ, ಎರಡು ಗೊಂಬೆ. ನಡುವೆ ಮಾತ್ರ ಅಂಗೈ ಎರಡು ಇಟ್ಟಷ್ಟು ಕೆಂಪು. ರತ್ನಕ್ಕ ಕುಂಚ ತೊಳೆದು ಬಟ್ಟಲ ಮೇಲೆ ಅಡ್ಡ ಇಟ್ಟಿದ್ದರು. ಎಲ್ಲರೂ ನನ್ನ ಮುಖ ನೋಡಿದರು.

ಲ್ಯಾಪ್‌ಟಾಪನ್ನು ತಿರುಗಿಸಿ ತೋರಿಸಿದೆ. ಶೇಕಡಾ 9.

ದೊಡ್ಡಮ್ಮ ಬಹಳ ಹೊತ್ತು ನೋಡಿದರು. ಪರದೆಯ ಮೇಲೆ ಬೆರಳಿಟ್ಟು ಎಳೆಯ ದಾರಿ ಹಿಡಿದು ಹೋದರು. ಗಂಡಿನ ಕೈಯಿಂದ ಮೇಲೆ, ಒಂದು ಸುತ್ತು, ಇನ್ನೊಂದು ಸುತ್ತು, ಕೆಳಗೆ. ಬೂದಿ ಬಣ್ಣದ ಹತ್ತಿರ ಬೆರಳು ನಿಂತಿತು.

“ಇಲ್ಲಿಂದ ಎತ್ಲಾಗೆ ಹೋಗ್ತದೆ?”

“ಗೊತ್ತಿಲ್ಲ ದೊಡ್ಡಮ್ಮ.”

“ಮೇಲಿಂದು ಹೆಂಗದೆಯೋ ಕೆಳಗೂ ಹಂಗೇ ಎಳೆದ್ರಾಯ್ತಪ್ಪ” ಅಂದರು ರತ್ನಕ್ಕ. “ಯಾರು ನೋಡ್ತಾರೆ? ಮದ್ಲಗಿತ್ತಿ ಸೀರೆ ನೋಡ್ತಾರೋ, ನಿನ್ ಗೋಡೆ ನೋಡ್ತಾರೋ?”

“ಹಂಗಿರ್ಲಿಲ್ಲ ಕಣೆ. ಕೆಳಗೆ ಬೇರೆ ಇತ್ತು. ಅಷ್ಟು ಗೊತ್ತು.” ದೊಡ್ಡಮ್ಮ ಕುಂಚ ಎತ್ತಿಕೊಂಡರು. ಅದ್ದಿದರು. ಗೋಡೆಯ ಹತ್ತಿರ ಒಯ್ದರು. ಆಮೇಲೆ ಕೈ ಇಳಿಸಿದರು. “ನಾನ್ ಬರೆದು ಅಮ್ಮಂದು ಅಂತ ಹೇಳೋಕೆ ಆಗಲ್ಲ. ಅರ್ಧ ಬರೆದು ಗಂಡು-ಹೆಣ್ಣಿನ ನಡುವೆ ಎಳೆ ತುಂಡು ಬಿಡೋಕೂ ಆಗಲ್ಲ. ಇರ್ಲಿ ಬಿಡು, ಖಾಲಿ ಇರ್ಲಿ.”

ಯಾರೂ ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸ್ವಲ್ಪ ಹೊತ್ತಿನ ಮೇಲೆ ಶಶಿ ಮಾತ್ರ ಬಂದು ಪಕ್ಕದಲ್ಲಿ ಕೂತು, “ಅವತ್ತು ಪಕ್ಕಕ್ಕೆ ನಿಲ್ಲು ಅಂದಿದ್ರೆ ನಿಲ್ತಿದ್ನಲೆ” ಅಂದಳು.

ಮದುವೆ ಚೆನ್ನಾಗಿಯೇ ಆಯಿತು. ರತ್ನಕ್ಕ ಹೇಳಿದ್ದೇ ನಿಜ, ಯಾರೂ ಏನೂ ಕೇಳಲಿಲ್ಲ. ನನಗೆ ಮಾತ್ರ ಧಾರೆಯ ಹೊತ್ತಿನಲ್ಲೂ ಅವರಿಬ್ಬರ ತಲೆಗಳ ನಡುವೆ ಆ ಕೆಂಪು ಚೌಕವೇ ಕಾಣುತ್ತಿತ್ತು.

ಸೋಮವಾರ ಸಾಗರದ ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಫೋನಿನಿಂದ ಫೋಟೋ ಅಳಿಸಿ ಮೂರು ತಿಂಗಳಾಗಿದೆ, ಅದರ ಮೇಲೆ ಬೇರೆ ಏನೇನೋ ಕೂತಿರುತ್ತದೆ, ಸಿಗುವುದು ಕಷ್ಟ ಅಂದರು. ಬೇರೆ ಕಡೆಯೂ ಕೇಳುತ್ತೇನೆ. ಮನೆಗೆ ಬಂದು ಲ್ಯಾಪ್‌ಟಾಪಿನ ಫೈಲುಗಳನ್ನು ತೆರೆಯುತ್ತ ಕೂತಿದ್ದೇನೆ. ಎಣಿಸುತ್ತಿಲ್ಲ, ತೆರೆದು ಕೊನೆಯವರೆಗೂ ನೋಡುತ್ತಿದ್ದೇನೆ. ಮುಖ್ಯವಾದದ್ದು ಒಂದು ಹಾರ್ಡ್‌ಡಿಸ್ಕಿಗೂ ಹೋಗುತ್ತಿದೆ. ಈಗ ಚಾರ್ಜರು, ವೈರು, ಅದನ್ನು ಸೇರಿಸುವ ಅಡಾಪ್ಟರು, ಹಾರ್ಡ್‌ಡಿಸ್ಕು ಸೇರಿ ನನ್ನ ಬ್ಯಾಗು ಅದೇ ದಿನಸಿ ಅಂಗಡಿಯ ತಕ್ಕಡಿ ಹತ್ತಿತು. ಎರಡು ಕೆಜಿ ದಾಟಿದೆ. ಅಂಗಡಿಯವರು ಈ ಸಲ ಬೆಲ್ಲದ ಮಾತು ಎತ್ತಲಿಲ್ಲ.

ಇದೆಲ್ಲ ಮುಂದಿನದಕ್ಕೆ. ಹೋದದ್ದಕ್ಕೆ?

ನಿನ್ನೆ ಗೀತಕ್ಕ ತನ್ನ ಮದುವೆ ಆಲ್ಬಮ್ ತೆರೆದು ನೋಡಿದಳಂತೆ. ಪ್ರತಿ ಪುಟದಲ್ಲೂ ಚೌಕದ ಮುಂದೆ ಅವಳೂ ಭಾವನೂ ಕೂತಿದ್ದಾರೆ. ಆದರೆ ಅವತ್ತು ಫೋನಿನಲ್ಲಿ ಕ್ಲಿಕ್ ಮಾಡಿಕೊಂಡವರು ಎಷ್ಟು ಜನವೋ! ಊಟಕ್ಕೆ ಏಳುವ ಮೊದಲು, ಗಂಡು-ಹೆಣ್ಣು ಎದ್ದು ಹೋದ ಮೇಲೆ, ಆ ಗೋಡೆಯ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡವರು ಇದ್ದೇ ಇರುತ್ತಾರೆ. ದೊಡ್ಡಮ್ಮ ಅಕ್ಕಿ ಅರೆದ ಬಟ್ಟಲನ್ನು ಒಳಗಿಟ್ಟಿದ್ದಾರೆ, ಕುಂಚವನ್ನು ಬಿಸಾಡಿಲ್ಲ.

ಆರು ವರ್ಷದ ಹಿಂದೆ ಹುಲಿಕಲ್ ದಾರಿಯ ಆ ಮನೆಯ ಮದುವೆಗೆ ಬಂದಿದ್ದವರು ಈ ಪುಟ ಓದುತ್ತಿದ್ದರೆ, ನಿಮ್ಮ ಹಳೆಯ ಫೋಟೋ ತೆರೆಯಿರಿ, ನಿಮ್ಮ ಮುಖ ಬಿಟ್ಟು ಹಿಂದಿನ ಗೋಡೆ ನೋಡಿ, ನನಗೆ ಬರೆದು ತಿಳಿಸಿ: ಗಂಡಿನ ಕೈಯಿಂದ ಹೊರಟ ಆ ಎಳೆ ಎತ್ತ ಹೋಗುತ್ತದೆ?